ಮಲ್ಲಿಗೆ ಪೆಟ್ಟಿಗೆಯ ಖಾಲಿ ಮೂಲೆ

ಸಣ್ಣ ವ್ಯಾಪಾರ ಮಾಡಿ ಗೆದ್ದವರನ್ನು ಕಂಡರೆ ನನಗೆ ಮೊದಲು ಹೊಟ್ಟೆಕಿಚ್ಚಾಗುತ್ತದೆ, ಆಮೇಲೆ ಅನುಮಾನ ಬರುತ್ತದೆ. ಇವರೆಲ್ಲ ಹೇಗೆ ಯಾವಾಗಲೂ ನಗುನಗುತ್ತಾ ಇರುತ್ತಾರೆ? ದುಬೈಯ ದೇರಾದಲ್ಲಿ ಮಸಾಲೆ ಸಾಮಾನು ಮಾರುವ ನಮ್ಮೂರಿನವರೊಬ್ಬರನ್ನು ನಾನು ಬಲ್ಲೆ. ಗಿರಾಕಿ ಬಂದು ಅವರ ಏಲಕ್ಕಿಯನ್ನು ಕಚ್ಚಿ, ಮುಖ ಹಿಂಡಿ, "ಇದು ಹಳೇದು" ಎಂದು ಬಿಟ್ಟುಹೋದರೂ ಅವರು "ನಾಳೆ ಬನ್ನಿ, ಹೊಸತು ಬರ್ತದೆ" ಎಂದು ನಗುತ್ತಾರೆ. ಮರುದಿನ ಅದೇ ಏಲಕ್ಕಿಯನ್ನು ಅದೇ ಗಿರಾಕಿಗೆ ಮಾರಿ ಮತ್ತೆ ನಗುತ್ತಾರೆ. ನಾನಾಗಿದ್ದರೆ ಕಚ್ಚಿದ ಏಲಕ್ಕಿಯನ್ನು ಕವರಿಗೆ ಹಾಕಿ, "ನಿಮ್ಮ ಎಂಜಲು ನೀವೇ ತೆಗೆದುಕೊಂಡು ಹೋಗಿ" ಎಂದು ಕೈಗೆ ಕೊಡುತ್ತಿದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ಮೂಗನ್ನು ಇಟ್ಟುಕೊಂಡು ಅಂಗಡಿ ತೆರೆಯಬಾರದು. ತೆರೆದೆ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ದೊಡ್ಡ ಕಟ್ಟಡವೊಂದರ ಹಿಂಬದಿಯ ಗಲ್ಲಿಯಲ್ಲಿ ನನ್ನ ಅಂಗಡಿ. ಊರಿನ ಸಾಮಾನು ಮಾರುವುದು. ಕುಚ್ಚಲಕ್ಕಿ, ಮಂಗಳೂರು ಸೌತೆಕಾಯಿ, ಹಲಸಿನ ಹಪ್ಪಳ, ಪತ್ರೊಡೆಗೆ ಕೆಸುವಿನ ಎಲೆ, ಒಣಮೀನು, ಹಬ್ಬಹರಿದಿನಕ್ಕೆ ಮಲ್ಲಿಗೆ. ಅಂಗಡಿ ತೆರೆಯುವ ಮೊದಲು ನಾನು ದುಬೈಯ ಹೋಟೆಲೊಂದರಲ್ಲಿ ನಡೆದ ತರಬೇತಿ ಶಿಬಿರಕ್ಕೂ ಹೋಗಿದ್ದೆ. ಸಣ್ಣ ಉದ್ಯಮಿಗೆ ಇರಬೇಕಾದ ಗುಣಗಳು ಎಂದು ಕೋಟು ಹಾಕಿದ ಒಬ್ಬ ಮಹಾಶಯ ಪರದೆಯ ಮೇಲೆ ಚಿತ್ರ ತೋರಿಸಿ ತೋರಿಸಿ ಹೇಳಿದರು. ತಾಳ್ಮೆ ಬೇಕಂತೆ. ಗಿರಾಕಿಯ ಮನಸ್ಸನ್ನು ಅವರು ಬಾಯಿ ಬಿಡುವ ಮೊದಲೇ ಓದಬೇಕಂತೆ. ಒಂದು ಪೈಸೆಯೂ ಪೋಲಾಗಬಾರದಂತೆ. ಎಂಥಾ ಸಂಕಟದಲ್ಲೂ ಮುಖದಲ್ಲಿ ನಗು ಇರಬೇಕಂತೆ. ನಾನು ಮೂರನೆಯದನ್ನು ಕೇಳಿದ ಕೂಡಲೇ ಖುಷಿಯಾಗಿ ಉಳಿದದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಪೋಲು ಮಾಡದಿರುವುದು ನಮಗೆ ಹುಟ್ಟಿನಿಂದಲೇ ಬಂದದ್ದು. ಅದಕ್ಕೆ ಶಿಬಿರ ಬೇಡ.

ನಮ್ಮವರಿಗೆ ಈ ಅಂಗಡಿ ಮೊದಲಿನಿಂದ ಅಷ್ಟಕ್ಕಷ್ಟೆ. ಅವರು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು. ತಿಂಗಳ ಕೊನೆಗೆ ಸಂಬಳ ತಾನಾಗಿಯೇ ಬಂದು ಬೀಳುವ ಜಾತಿ. ನಾನು ಗಿರಾಕಿಗಳ ಜೊತೆ ಜಗಳ ಮಾಡಿಕೊಂಡು ಬಂದು ಮನೆಯಲ್ಲಿ ವರದಿ ಒಪ್ಪಿಸುವಾಗ ಅವರು ಟೀವಿಯ ಸದ್ದನ್ನು ಸ್ವಲ್ಪ ಜಾಸ್ತಿ ಮಾಡುತ್ತಿದ್ದರು. ಆ ವರ್ಷ ಮಳೆಗಾಲದ ಹಬ್ಬಗಳು ಶುರುವಾಗುವಾಗ ಅವರು ಟೀವಿ ಆರಿಸಿಯೇ ಹೇಳಿದರು. "ನೋಡು ಮಾರಾಯ್ತಿ, ಚೌತಿಯವರೆಗೆ ನೋಡುವಾ. ಅಂಗಡಿ ಕಾಲೂರಿ ನಿಂತರೆ ಲೈಸೆನ್ಸ್ ರಿನ್ಯೂ ಮಾಡುವಾ. ಇಲ್ಲದಿದ್ದರೆ ಖಲಾಸ್." ಟೀವಿ ಆರಿಸಿ ಹೇಳಿದ ಮಾತೆಂದರೆ ಅದಕ್ಕೆ ಅಪೀಲು ಇಲ್ಲ. ಬೆಳಿಗ್ಗೆ ಷಟರ್ ಎತ್ತುವಾಗ ಬರುವ ಆ ಕಿರ್ರೆನ್ನುವ ಸದ್ದು ಇಡೀ ಜಗತ್ತಿನಲ್ಲಿ ನನ್ನದು ಅಂತ ಇದ್ದ ಒಂದೇ ಸದ್ದು. ಅದು ಹೋದರೆ ಮತ್ತೆ ಫ್ಲಾಟಿನೊಳಗೆ ಕೂತು ವಾಷಿಂಗ್ ಮಷೀನಿನ ಸದ್ದು ಕೇಳಬೇಕು.

ಅದೇ ಹೊತ್ತಿಗೆ ವಿಮಲಮ್ಮ ಬಂದರು. ಮೈಸೂರಿನಲ್ಲಿ ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮಗ ಇಲ್ಲಿ ಐಟಿ ಕಂಪನಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ. ಸೊಸೆಯ ಹೆರಿಗೆಗೆಂದು ಬಂದಿಳಿದ ಕೆಲವೇ ವಾರಗಳಲ್ಲಿ ಅವರು ಕನ್ನಡ ಮಹಿಳೆಯರ ವಾಟ್ಸಾಪ್ ಗುಂಪನ್ನು ನಾಲ್ಕನೇ ಕ್ಲಾಸಿನ ಹಾಗೆ ಶಿಸ್ತಿಗೆ ತಂದಿದ್ದರು. ಅವರು "ಆ ಅಂಗಡಿ ಪರವಾಗಿಲ್ಲ" ಎಂದು ಹಾಕಿದರೆ ಅರ್ಧ ಊರು ಆ ಅಂಗಡಿಗೆ ಹೋಗುತ್ತಿತ್ತು, "ಸಾಧಾರಣ" ಎಂದು ಹಾಕಿದರೆ ಆ ಅಂಗಡಿಯ ಕಥೆ ಮುಗಿಯಿತು. ಅಪ್ಪಟ ಸಸ್ಯಾಹಾರಿ. ನನ್ನ ಅಂಗಡಿಗೆ ಬಂದರೆ ಒಣಮೀನಿನ ಕಪಾಟಿನ ಕಡೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಹೊಸಬರಾದರೂ ಆ ಕಪಾಟು ಎಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಯೋಚಿಸಿರಲಿಲ್ಲ.

ಸೊಸೆ ಅಕ್ಷತಾ ಕುಂದಾಪುರದ ಹುಡುಗಿ. ಇಬ್ಬರೂ ಮೆಚ್ಚಿ ಮದುವೆಯಾದದ್ದು. ಮೀನು ತಿನ್ನುವ ಮನೆಯಿಂದ ಬಂದವಳು, ಮದುವೆಯಾದ ಮೇಲೆ ಯಾರೂ ಹೇಳದೆ ತಾನೇ ಬಿಟ್ಟಿದ್ದಳು. ಪಾಪ, ಬಸುರಿಯಾದಲ್ಲಿಂದ ಒಂದು ತುತ್ತು ಒಳಗೆ ನಿಂತಿಲ್ಲ. ಎಲ್ಲರಿಗೂ ಮೂರ್ನಾಲ್ಕು ತಿಂಗಳಲ್ಲಿ ನಿಲ್ಲುವ ವಾಂತಿ ಇವಳಿಗೆ ಏಳರಲ್ಲೂ ನಿಂತಿರಲಿಲ್ಲ. ತೂಕ ಏರುತ್ತಿಲ್ಲವೆಂದು ಡಾಕ್ಟರು ಗದರಿ, ಡ್ರಿಪ್ ಹಾಕಿ ಕಳಿಸಿದ್ದರು. ತಾಯಿ ಬರೋಣವೆಂದರೆ ಅಲ್ಲಿ ತಂದೆ ಸೊಂಟ ಮುರಿದುಕೊಂಡು ಮಲಗಿದ್ದರು. ಸೀಮಂತಕ್ಕೆ ಏನು ಬೇಕು ಎಂದು ವಿಮಲಮ್ಮ ಕೇಳಿ ಕೇಳಿ ಸಾಕಾದಾಗ ಹುಡುಗಿ ಒಂದೇ ಒಂದು ಹೇಳಿದಳಂತೆ. ಜಡೆಗೆ ಉಡುಪಿ ಮಲ್ಲಿಗೆ ಬೇಕು ಎಂದು.

"ನಮ್ಮ ಮೈಸೂರು ಮಲ್ಲಿಗೆ ಇರುವಾಗ ಇದ್ಯಾಕೆ ಅಂತ ನಾನು ಕೇಳಲಿಲ್ಲ ನೋಡಿ," ಎಂದರು ವಿಮಲಮ್ಮ, ನನ್ನ ಸೌತೆಕಾಯಿಯನ್ನು ಉತ್ತರಪತ್ರಿಕೆ ತಿದ್ದುವ ಹಾಗೆ ತಿರುಗಿಸಿ ನೋಡುತ್ತಾ. "ತಿಂಗಳುಗಟ್ಟಲೆ ಆದ ಮೇಲೆ ಆ ಮಗು ಬಾಯ್ಬಿಟ್ಟು ಕೇಳಿರೋದು ಇದೊಂದೇ. ಶುಕ್ರವಾರ, ರಾಹುಕಾಲ ಮುಗಿದ ಮೇಲೆ ಮುಹೂರ್ತ. ಹೂವು ಬಾಡಿರಬಾರದು. ಇನ್ನೊಂದು ವಿಷಯ ಸುಮಿತ್ರಾ ಅವರೇ, ಅವಳಿಗೆ ಯಾವ ವಾಸನೆಯೂ ಆಗಲ್ಲ. ಒಗ್ಗರಣೆ ಹಾಕಿದ್ರೂ ಬಚ್ಚಲಿಗೆ ಓಡ್ತಾಳೆ. ಹೂವಿನ ಜೊತೆ ಬೇರೆ ಏನೂ ವಾಸನೆ ಬರಬಾರದು. ಅವತ್ತು ಅವಳು ಅಷ್ಟು ಜನರ ಮುಂದೆ ಕೂತಿರಬೇಕು."

"ನೀವು ಚಿಂತೆ ಮಾಡ್ಬೇಡಿ ವಿಮಲಮ್ಮ," ಎಂದೆ. ಮುಖದಲ್ಲಿ ಶಿಬಿರದವರು ಹೇಳಿದ ನಗು. ಒಳಗೆ, ಇದೊಂದು ಸೀಮಂತ ಚೆನ್ನಾಗಿ ಆಗಿಬಿಟ್ಟರೆ ಚೌತಿಯ ಆರ್ಡರು ಪೂರ್ತಿ ನನ್ನದೇ, ಲೈಸೆನ್ಸು ಗಟ್ಟಿ ಎಂಬ ಲೆಕ್ಕ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕರಾವಳಿಯವರಿಗೆ ಗಲ್ಫಿಗೆ ಬರುವ ಚೀಲದಲ್ಲಿ ಖಾಲಿ ಜಾಗ ಕಂಡರೆ ಸಹಿಸಲಾಗುವುದಿಲ್ಲ. ನನ್ನ ಮದುವೆಯಾಗಿ ಮೊದಲ ಸಲ ಇಲ್ಲಿಗೆ ಹೊರಟಾಗ ನಮ್ಮ ಅತ್ತೆ ಸೂಟ್‌ಕೇಸಿನಲ್ಲಿದ್ದ ನನ್ನ ಚಪ್ಪಲಿಯೊಳಗೆ ಹುಣಸೆಹಣ್ಣು ತುರುಕಿದ್ದರು. ಕೇಳಿದರೆ "ಜಾಗ ಇತ್ತು" ಎಂದರು. ಜಾಗ ಇತ್ತು ಎಂಬುದು ನಮ್ಮಲ್ಲಿ ಪೂರ್ತಿ ಉತ್ತರ. ಅದರ ಮೇಲೆ ಪ್ರಶ್ನೆಯಿಲ್ಲ. ಮಂಗಳೂರಿನಿಂದ ನನಗೆ ಸಾಮಾನು ಕಳಿಸುವ ಪದ್ಮನಾಭಣ್ಣ ಗುರುವಾರ ಫೋನು ಮಾಡಿ, "ಸುಮಿತ್ರಾ, ಮಲ್ಲಿಗೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟಾಯ್ತು, ಒಂದು ಮೂಲೆ ಖಾಲಿ ಉಂಟು, ಎಂತ ಮಾಡುದು?" ಎಂದಾಗ ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರಿಸಿತು. "ಖಾಲಿ ಯಾಕೆ ಕಳಿಸ್ತೀರಿ ಪದ್ಮನಾಭಣ್ಣ? ಸ್ವಲ್ಪ ಒಣ ಸಿಗಡಿ ಇಡಿ. ಅಂಗಡಿಯಲ್ಲಿ ಮುಗಿದಿದೆ."

ಅವರು ಕೂಡ ಕರಾವಳಿಯವರೇ. ಆಯ್ತು ಎಂದರು.

ಶುಕ್ರವಾರ ಬೆಳಿಗ್ಗೆ ನಮ್ಮವರಿಗೆ ರಜೆ. ಇಬ್ಬರೂ ಕಾರಿನಲ್ಲಿ ದುಬೈಗೆ ಹೋಗಿ, ಕಾರ್ಗೋ ಏಜೆಂಟರ ಕೈಯಿಂದ ಪೆಟ್ಟಿಗೆ ಬಿಡಿಸಿಕೊಂಡು ಹಿಂದಿನ ಸೀಟಿನಲ್ಲಿಟ್ಟು ಹೊರಟೆವು. ಹೊರಗೆ ಆಗಸ್ಟಿನ ಬಿಸಿಲು. ಎ.ಸಿ. ಜೋರಾಗಿ ಹಾಕಿ ಹೈವೇ ಹಿಡಿದೆವು. ನಾನು ಚೌತಿಗೆ ಎಷ್ಟು ಮಲ್ಲಿಗೆ ತರಿಸಬೇಕು, ಎಷ್ಟು ಗರಿಕೆ ಎಂದೆಲ್ಲ ಹೇಳುತ್ತಾ ಕನಸಿನಲ್ಲೇ ಪಕ್ಕದ ಅಂಗಡಿಯನ್ನೂ ಬಾಡಿಗೆಗೆ ಹಿಡಿದಿದ್ದೆ. ಅರ್ಧ ದಾರಿ ಬಂದಿರಬೇಕು. ನಮ್ಮವರು ಮೂಗು ಅರಳಿಸಿದರು.

"ಎಂತ ಇದು ವಾಸನೆ?"

"ಮಲ್ಲಿಗೆ," ಎಂದೆ.

"ಮಲ್ಲಿಗೆ ಹೀಗಾ?"

ನಾನೂ ಮೂಗೆಳೆದೆ. ಪೆಟ್ರೋಲ್ ಬಂಕಿನ ನೆರಳಿನಲ್ಲಿ ಕಾರು ನಿಲ್ಲಿಸಿ ಪೆಟ್ಟಿಗೆ ಬಿಚ್ಚಿದೆವು. ಮೂಲೆಯಲ್ಲಿದ್ದ ಸಿಗಡಿಯ ಪೊಟ್ಟಣ ವಿಮಾನದಲ್ಲಿ ಎಲ್ಲೋ ಒತ್ತಿ ಒಡೆದು, ಒಣ ಸಿಗಡಿಗಳು ಪೆಟ್ಟಿಗೆಯ ತುಂಬ ಪ್ರವಾಸ ಹೊರಟಿದ್ದವು. ಬಾಳೆಎಲೆಯ ಸಂದಿಯಲ್ಲಿ ಸಿಗಡಿ, ಮಲ್ಲಿಗೆಯ ಚೆಂಡಿನ ಮೇಲೆ ಸಿಗಡಿ. ಬಿಳೀ ಮೊಗ್ಗುಗಳ ನಡುವೆ ಉದ್ದ ಮೀಸೆ ಬಿಟ್ಟುಕೊಂಡು ಒಂದು ಸಿಗಡಿ ನನ್ನನ್ನೇ ನೋಡುತ್ತಿತ್ತು. ನಾನು ಅಲ್ಲೇ ಸಿಮೆಂಟು ಕಟ್ಟೆಯ ಮೇಲೆ ಕುಸಿದೆ. ಕಣ್ಣಿನ ಮುಂದೆ ಬಂದದ್ದು ಪಕ್ಕದ ಅಂಗಡಿಯೂ ಅಲ್ಲ, ಲೈಸೆನ್ಸೂ ಅಲ್ಲ. ಆ ಹುಡುಗಿಯ ಬತ್ತಿದ ಮುಖ. ಅಷ್ಟು ಜನರ ಮುಂದೆ, ಸೀರೆ ಉಟ್ಟು, ಅರಶಿನ ಕುಂಕುಮ ಹಚ್ಚಿಕೊಂಡು ಕೂತವಳ ಜಡೆಗೆ ನಾನು ಇದನ್ನು ಮುಡಿಸಬೇಕು.

"ಸಿಗಡಿ ಯಾರು ಇಡ್ಲಿಕ್ಕೆ ಹೇಳಿದ್ದು?" ಎಂದು ನಮ್ಮವರು ಕೇಳಿದರು.

"ಜಾಗ ಇತ್ತು," ಎಂದೆ. ಅವರು ಮುಂದೆ ಪ್ರಶ್ನೆ ಕೇಳಲಿಲ್ಲ. ಅವರೂ ಕರಾವಳಿಯ ಕಾಪುವಿನವರು.

ಬೇರೆ ಹೂವಿಗೆ ಫೋನು ಮಾಡಿದೆ. ದುಬೈಯಲ್ಲಿ ಹೂವಿನವರಿಗೆ, ಅಬುಧಾಬಿಯಲ್ಲಿ ಗೊತ್ತಿದ್ದವರಿಗೆ. ಶ್ರಾವಣದ ಶುಕ್ರವಾರ, ಎಲ್ಲಾ ಕಡೆ ಬೆಳಿಗ್ಗೆಯೇ ಖಾಲಿ. ಒಬ್ಬನಂತೂ "ಅಕ್ಕಾ, ನಿಮ್ಮ ಹತ್ತಿರ ಇದ್ದರೆ ನನಗೇ ಸ್ವಲ್ಪ ಕೊಡಿ" ಎಂದ. ಇರುವುದರಲ್ಲೇ ದಾರಿ ಕಾಣಬೇಕಾಯಿತು. ಸಿಗಡಿಯನ್ನು ಒಂದೊಂದಾಗಿ ಹೆಕ್ಕಿ, ಡಿಕ್ಕಿಯಲ್ಲಿ ಹಾಕಿ, ಪೆಟ್ಟಿಗೆಯನ್ನು ಮತ್ತೆ ಸೀಟಿಗಿಟ್ಟು ಹೊರಟೆವು. ಈಗ ಹೊಸ ಸಂಕಟ. ಕಿಟಕಿ ತೆರೆದರೆ ಬೆಂಕಿಯಂಥ ಗಾಳಿ ಒಳಗೆ ಬಂದು ಹೂವು ಬಾಡುತ್ತದೆ. ಮುಚ್ಚಿದರೆ ಒಳಗಿನ ವಾಸನೆ ಹೂವಿನೊಳಗೇ ಇಳಿಯುತ್ತದೆ. ತೆರೆಯಿರಿ ಎಂದೆ, ಮುಚ್ಚಿರಿ ಎಂದೆ, ಮತ್ತೆ ತೆರೆಯಿರಿ ಎಂದೆ. ನಮ್ಮವರು ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಕೈ ಕಿಟಕಿಯ ಗುಂಡಿಯ ಮೇಲೆ ಇಟ್ಟು ಓಡಿಸಿದರು. ಎಂದೂ ಬೈಯದ ಮನುಷ್ಯ ವೇಗ ಮೀರಿದರೆ ದಂಡ ಹಾಕುವ ರಸ್ತೆಯ ಕ್ಯಾಮೆರಾವೊಂದು ಮಿಂಚಿದಾಗ ತುಳುವಿನಲ್ಲಿ ಏನೋ ಹೇಳಿದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ತಾಳ್ಮೆ ಬೇಕು ಎಂದು ಆ ಕೋಟಿನವರು ಹೇಳಿದ್ದರಲ್ಲ, ಅವರು ಈಗ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರಬೇಕಿತ್ತು. ಮಡಿಲಿಗೆ ಆ ಪೆಟ್ಟಿಗೆ ಇಟ್ಟು ಕೇಳುತ್ತಿದ್ದೆ, ಈಗ ಹೇಳಿ ಸ್ವಾಮೀ, ಗುಣಗಳನ್ನು ಹೇಳಿ ಎಂದು. ಇಷ್ಟೆಲ್ಲ ಸಿಟ್ಟು ಬಂದರೂ ನನಗೆ ಪದ್ಮನಾಭಣ್ಣನ ಮೇಲೆ ಬರಲಿಲ್ಲ. ಮೂಲೆ ಖಾಲಿ ಬಿಡುವುದು ಅವರಿಂದಲೂ ಆಗುತ್ತಿರಲಿಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ.

ಅಂಗಡಿಗೆ ತಲುಪುವಾಗ ಜುಮ್ಮಾ ನಮಾಜಿಗೆ ಗಲ್ಲಿಯ ಅಂಗಡಿಗಳೆಲ್ಲ ಷಟರ್ ಎಳೆಯುತ್ತಿದ್ದವು. ನನ್ನ ಅಂಗಡಿಯ ಪಕ್ಕದಲ್ಲಿ ಯೆಮೆನ್ ದೇಶದ ಸಾಲೆಹ್ ಭಾಯಿಯ ಅತ್ತರಿನ ಅಂಗಡಿ. ನನಗಿಂತ ಚಿಕ್ಕ ಜಾಗ, ಆದರೆ ಬಂದ ಗಿರಾಕಿ ಬರಿಗೈಯಲ್ಲಿ ಹೋದದ್ದನ್ನು ನಾನು ನೋಡಿಲ್ಲ. ನನ್ನ ಮುಖ ನೋಡಿದ್ದೇ ಅರ್ಧ ಎಳೆದ ಷಟರನ್ನು ಮತ್ತೆ ಎತ್ತಿ, "ಕ್ಯಾ ಹುವಾ ಮದಾಮ್?" ಎಂದ. ಪೆಟ್ಟಿಗೆ ತೆರೆದು ತೋರಿಸಿದೆ. ಮೂಸಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಆ ಮನುಷ್ಯನಿಗೆ ಧೈರ್ಯ ಎಂಬುದು ಎಲ್ಲಿಂದ ಬರುತ್ತದೋ, "ಮಾಫಿ ಮುಷ್ಕಿಲ್!" ಎಂದು ತೊಂದರೆಯೇ ಇಲ್ಲವೆನ್ನುವ ಹಾಗೆ ಕೈ ಬೀಸಿದ. ಕೆಂಡದ ಮೇಲೆ ಸುಗಂಧದ ಚೂರು ಹಾಕಿ ಹೊಗೆ ಹಿಡಿಯುವ ಬಖೂರಿನ ಮಡಕೆ ತಂದ. ಹತ್ತಿರ ಹಿಡಿದರೆ ಹೂವು ಬೇಯುತ್ತದೆಂದು ನಾನು ಕಿರುಚಿದೆ. ದೂರದಿಂದಲೇ ಹೊಗೆ ಬೀಸಿದ. ನಮಾಜಿಗೆ ಹೊತ್ತಾಯಿತೆಂದು ಯಾರೋ ಕರೆದರು. "ಯಲ್ಲಾ, ಯಲ್ಲಾ, ಇದಾಯಿತು" ಎಂದು ಇನ್ನೂ ಸ್ವಲ್ಪ ಹೊಗೆ ಹಿಡಿದ. ಕೊನೆಗೆ ಇಬ್ಬರೂ ಬಗ್ಗಿ ಮೂಸಿದೆವು.

ಸಿಗಡಿ ಹೋಗಿರಲಿಲ್ಲ. ಅದಕ್ಕೆ ಬಖೂರಿನ ಹೊಗೆ ಸೇರಿ, ಅರಬ್ಬರ ಮನೆಯ ಮದುವೆಗೆ ಮಲ್ಪೆಯ ಮೀನು ಬಂದರು ನೆಂಟಸ್ತಿಕೆಗೆ ಬಂದ ಹಾಗಿತ್ತು. ಸಾಲೆಹ್ ಭಾಯಿ ಮಾತ್ರ "ಬಹುತ್ ಅಚ್ಛಾ" ಎಂದು ತಾನೇ ಹೇಳಿಕೊಂಡು, ದುಡ್ಡು ಬೇಡವೆಂದು ಕೈ ಮುಗಿದು ನಮಾಜಿಗೆ ಓಡಿದ. ಬೇರೆಯವರ ಮುಂದೆ ಅಷ್ಟು ಆತ್ಮವಿಶ್ವಾಸದಿಂದ ಸುಳ್ಳು ಹೇಳಲು ನನಗೂ ಬರಬೇಕು ಎಂದುಕೊಂಡೆ. ಆ ದಿನವೇ ಅದರ ಅಗತ್ಯ ಬೀಳುತ್ತದೆಂದು ಗೊತ್ತಿತ್ತು.

ವಿಮಲಮ್ಮನ ಮನೆಯಲ್ಲಿ ಆಗಲೇ ಹೆಂಗಸರು ತುಂಬಿದ್ದರು. ವಾಟ್ಸಾಪ್ ಗುಂಪು ಅಷ್ಟೂ ಸೀರೆ ಉಟ್ಟು ಹಾಲಿನಲ್ಲಿ ಕೂತಿತ್ತು. ಅಕ್ಷತಾ ಹಸಿರು ಸೀರೆಯಲ್ಲಿ ಮಣೆಯ ಮೇಲೆ, ಕೆನ್ನೆ ಒಳಗೆ ಹೋಗಿ, ಕಣ್ಣು ಮಾತ್ರ ದೊಡ್ಡದಾಗಿ. ಪಕ್ಕದಲ್ಲೇ ಒಂದು ಚಿಕ್ಕ ಬಕೆಟ್ ಇಟ್ಟಿದ್ದರು, ಏನಾದರೂ ಆದರೆ ಬೇಕೆಂದು. ಅದನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ವಿಮಲಮ್ಮನೇ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಮೂಗು ಒಮ್ಮೆ ಎಳೆದರು. ಇನ್ನೊಮ್ಮೆ ಎಳೆದರು.

"ಏನ್ರೀ ಇದು ವಾಸನೆ?"

"ಅದು... ನಮ್ಮ ಕಡೆಯ ಮಲ್ಲಿಗೆ ಹಾಗೇ ವಿಮಲಮ್ಮ. ಗಿಡಕ್ಕೆ ಸಮುದ್ರದ ಗಾಳಿ ಬೀಳ್ತದಲ್ಲ," ಎಂದೆ. ಹೇಳುವಾಗ ಮುಖದಲ್ಲಿ ನಗುವಿತ್ತು, ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಪಿ ಹೊಡೆಯುತ್ತಿರುವ ಹುಡುಗಿಯನ್ನು ನೋಡುವ ನೋಟ ಅದು. ಆಮೇಲೆ "ಸರಿ, ಮುಡಿಸಿ. ಹೊತ್ತಾಯ್ತು" ಎಂದರು. ನಾನು ಅಕ್ಷತಾಳ ಹಿಂದೆ ಕೂತು ಜಡೆಗೆ ಮಲ್ಲಿಗೆ ಸುತ್ತತೊಡಗಿದೆ. ಮೊದಲ ಸುತ್ತು ಬಿದ್ದದ್ದೇ ಅವಳ ಬೆನ್ನು ಸೆಟೆಯಿತು. ಉಸಿರು ಜೋರಾಗಿ ಎಳೆದಳು. ಅಯ್ಯೋ ದೇವರೇ, ಮುಗಿಯಿತು ಎಂದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಬಕೆಟಿಗೆ ಕೈ ಹಾಕಿದಳು. ಅಂಗಡಿ ಹಾಳಾಗಿ ಹೋಗಲಿ, ಈ ಮಗುವಿಗೆ ಈಗ ಏನೂ ಆಗದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಕಾಪುವಿನ ಅಮ್ಮನಿಗೆ ಹರಕೆ ಹೇಳಿಕೊಂಡೆ.

ಅಕ್ಷತಾ ಮತ್ತೆ ಉಸಿರೆಳೆದಳು. ಮತ್ತೆ. ತಲೆಯನ್ನು ನಿಧಾನವಾಗಿ ನನ್ನ ಕಡೆ ವಾಲಿಸಿ, ತುಟಿ ಅಲ್ಲಾಡದ ಹಾಗೆ ಪಿಸುಗುಟ್ಟಿದಳು. "ಸುಮಿತ್ರಕ್ಕ, ಇದು ಒಣ ಚಟ್ಲಿ ಅಲ್ದಾ?" ನಾವು ಸಿಗಡಿ ಎನ್ನುವುದಕ್ಕೆ ಅವರ ಕುಂದಾಪುರದಲ್ಲಿ ಚಟ್ಲಿ ಎನ್ನುತ್ತಾರೆ. "ಅತ್ತೆಗೆ ಹೇಳ್ಬೇಡಿ ಅಕ್ಕ," ಎಂದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಆಮೇಲೆ ಗಟ್ಟಿಯಾಗಿ, ಇಡೀ ಹಾಲಿಗೆ ಕೇಳುವಂತೆ ಹೇಳಿದಳು. "ಅತ್ತೆ, ನಂಗೆ ಹಸಿವಾಗ್ತಾ ಇದೆ."

ಆರತಿ ತಟ್ಟೆ ಹಿಡಿದಿದ್ದ ವಿಮಲಮ್ಮ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಅಡುಗೆ ಮನೆಗೆ ಓಡಿದ ರಭಸ ನೋಡಬೇಕಿತ್ತು. ಶಾಸ್ತ್ರ ಮುಗಿಯುವ ಮೊದಲೇ ಎಲೆ ಹಾಕಿಸಿದರು. ಚಿತ್ರಾನ್ನ, ಕೋಸಂಬರಿ, ಮೊಸರನ್ನ. ಹುಡುಗಿ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡು, ಒಂದು ತುತ್ತು ತಿನ್ನುವುದು, ಒಮ್ಮೆ ಹೂವು ಮೂಸುವುದು, ಹೀಗೆ ಎಲೆ ಖಾಲಿ ಮಾಡಿದಳು. ಬಕೆಟ್ ಬೇಕಾಗಲೇ ಇಲ್ಲ. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಸಂಜೆಗೆ ಗುಂಪಿನಲ್ಲಿ ವಿಮಲಮ್ಮನ ಸಂದೇಶ ಬಂತು. "ಸುಮಿತ್ರಾ ಅವರ ಹೂವು ಬಹಳ ಚೆನ್ನಾಗಿದೆ." ಚೌತಿಯ ಆರ್ಡರುಗಳು ಆವತ್ತೇ ಶುರುವಾದವು. ನಮ್ಮವರು ಟೀವಿ ಆರಿಸಿ, "ಗಿರಾಕಿಯ ಮನಸ್ಸು ಓದುವುದು ನಿನಗೆ ಬಂತು ಮಾರಾಯ್ತಿ, ಲೈಸೆನ್ಸ್ ರಿನ್ಯೂ ಮಾಡುವಾ" ಎಂದರು. ನಾನು ವಿನಯದಿಂದ ತಲೆಯಾಡಿಸಿದೆ. ಎರಡು ದಿನ ಕಾಲು ನೆಲದ ಮೇಲಿರಲಿಲ್ಲ. ಆ ಹೆಡ್ ಮಿಸ್ಟ್ರೆಸ್ಸಿನ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ಕನ್ನಡಿಯ ಮುಂದೆ ನಿಂತು ಆ ಸಮುದ್ರದ ಗಾಳಿಯ ಮಾತನ್ನು ಮತ್ತೊಮ್ಮೆ ಹೇಳಿ ನೋಡಿಕೊಂಡೆ ಕೂಡ.

ಮೂರನೆಯ ದಿನ ಬೆಳಿಗ್ಗೆ ವಿಮಲಮ್ಮ ಒಬ್ಬರೇ ಟ್ಯಾಕ್ಸಿಯಲ್ಲಿ ಅಂಗಡಿಗೆ ಬಂದರು. ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ.

"ಹೂವು ಬೇಕಿತ್ತು," ಎಂದರು.

"ಯಾವ ಹೂವು ವಿಮಲಮ್ಮ?"

"ಅವತ್ತಿನದೇ." ಹಿಂದೆ ಮುಂದೆ ನೋಡಿದರು. ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದರು. "ನೋಡಿ, ಮಕ್ಕಳ ಊಟದ ಡಬ್ಬಿ ಮುಚ್ಚಳ ತೆಗೆಯೋ ಮೊದಲೇ ಒಳಗೇನಿದೆ ಅಂತ ಹೇಳ್ತಿದ್ದೋಳು ನಾನು. ನನ್ನ ಹತ್ತಿರ ಸಮುದ್ರದ ಗಾಳಿ ಅಂತೀರಲ್ಲ! ನಿಮ್ಮ ಅಂಗಡೀಲಿ ಅದು ಯಾವ ಕಪಾಟಿನಲ್ಲಿದೆ ಅಂತ ಮೊದಲ ದಿನವೇ ಮೂಗು ಹೇಳಿತ್ತು, ಅದಕ್ಕೇ ಆ ಕಡೆ ಬೆನ್ನು ಹಾಕಿ ನಿಲ್ತೀನಿ."

ಶಿಬಿರದ ನಗು ಎಲ್ಲಿ ಹೋಯಿತೋ.

"ಅವತ್ತು ನಿಮ್ಮನ್ನ ಅಲ್ಲೇ ತರಾಟೆಗೆ ತಗೋಬೇಕು ಅಂತಿದ್ದೆ. ಅಷ್ಟರಲ್ಲಿ ಹಸಿವು ಅಂದಳು." ಸೆರಗಿನಿಂದ ಕಣ್ಣೊತ್ತಿಕೊಂಡರು. "ಮದುವೆಯಾದಾಗ ನಾನು ಬಿಡು ಅನ್ನಲಿಲ್ಲ ರೀ. ಅವಳೇ ಬಿಟ್ಟಳು. ನಾನೂ ಒಳಗೊಳಗೇ ಖುಷಿಪಟ್ಟು ಸುಮ್ಮನಿದ್ದೆ. ಈಗ ನೋಡಿದರೆ ಅದಕ್ಕೇ ಒದ್ದಾಡ್ತಿದ್ದಾಳೆ ಪಾಪ. ನನ್ನ ಅಡುಗೆ ಮನೆಗೆ ಅದು ಬರೋದು ನನ್ನ ಕೈಲಿ ಆಗಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಗು ತಿನ್ನಬೇಕು. ನೀವು ಮನೇಲಿ ಅದರ ಚಟ್ನಿ ಮಾಡ್ತೀರಂತಲ್ಲ? ಮಾಡಿ ಇಲ್ಲಿ ತಂದಿಡಿ. ಶುಕ್ರವಾರ ಶುಕ್ರವಾರ ಹೂವಿಗೆ ಅಂತ ಕರ್ಕೊಂಡು ಬರ್ತೀನಿ. ನಾನು ಹೇಳಿದ್ದು ಅಂತ ಅವಳಿಗೆ ಗೊತ್ತಾಗಬಾರದು. ಗೊತ್ತಾದ್ರೆ ಸಂಕೋಚಪಟ್ಟು ಒಂದು ತುತ್ತೂ ಮುಟ್ಟಲ್ಲ."

ಆಯ್ತು ಎಂದೆ. ಇನ್ನೇನು ಹೇಳಲಿ? ಅತ್ತೆಗೆ ಹೇಳಬೇಡಿ ಎಂದು ಸೊಸೆ ಆಗಲೇ ಮಾತು ತೆಗೆದುಕೊಂಡಿದ್ದಳು, ಸೊಸೆಗೆ ಹೇಳಬೇಡಿ ಎಂದು ಅತ್ತೆ ಈಗ ಮಾತು ತೆಗೆದುಕೊಂಡರು. ಒಂದು ಗುಟ್ಟನ್ನೂ ಒಂದು ದಿನ ಹೊಟ್ಟೆಯಲ್ಲಿಟ್ಟುಕೊಂಡು ಗೊತ್ತಿಲ್ಲದವಳು ನಾನು, ಅಲ್ಲಿಂದ ಹೆರಿಗೆಯವರೆಗೆ ಎರಡನ್ನು ಹೊತ್ತುಕೊಂಡು ತಿರುಗಿದೆ.

ಪ್ರತಿ ಶುಕ್ರವಾರ ಇಬ್ಬರೂ ಬರುತ್ತಿದ್ದರು. ಅಂಗಡಿಯ ಹಿಂದೆ ಸಾಮಾನು ಇಡುವ ಕೋಣೆಗೆ ಒಂದು ಪರದೆ ಇದೆ. ಹೂವು ಒಳಗಿದೆ, ಬಾ ಅಕ್ಷತಾ, ಆರಿಸಿಕೋ ಎಂದು ನಾನು ಕರೆಯುತ್ತಿದ್ದೆ. ಒಳಗೆ ಅಕ್ಕಿಮೂಟೆಯ ಮೇಲೆ ಕೂತು ಅವಳು ಕುಚ್ಚಲಕ್ಕಿ ಗಂಜಿಗೆ ಸಿಗಡಿ ಚಟ್ನಿ ನಂಜಿಕೊಂಡು, ಬೆರಳು ನೆಕ್ಕಿ ನೆಕ್ಕಿ ತಿನ್ನುತ್ತಿದ್ದಳು. ವಾರದಿಂದ ವಾರಕ್ಕೆ ಕೆನ್ನೆ ತುಂಬುತ್ತಾ ಬಂತು. ಹೊರಗೆ ವಿಮಲಮ್ಮ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳನ್ನು ಮಾತಿನಲ್ಲಿ ಹಿಡಿದು ನಿಲ್ಲಿಸಿ, ಯಾವ ಸೌತೆಕಾಯಿ ಒಳ್ಳೆಯದು ಎಂದು ಅವರೇ ಹೇಳಿಕೊಟ್ಟು ಮಾರಿ ಕಳಿಸುತ್ತಿದ್ದರು. ನಡುವೆ ಒಮ್ಮೊಮ್ಮೆ ಕತ್ತು ತಿರುಗಿಸದೆಯೇ ಕೂಗುವರು, "ಅಕ್ಷತಾ, ಏನೂ ಅವಸರ ಇಲ್ಲ. ನಿಧಾನಕ್ಕೆ ಹೂವು ಆರಿಸು." ಪರದೆಯ ಹಿಂದಿನಿಂದ ಬಾಯಿ ತುಂಬ ಗಂಜಿಯಿದ್ದ ದನಿ "ಹೂಂ ಅತ್ತೆ" ಎನ್ನುತ್ತಿತ್ತು. ಅಂಗಡಿ ನನ್ನದು, ಲೈಸೆನ್ಸ್ ನನ್ನ ಹೆಸರಿನಲ್ಲಿ. ವ್ಯಾಪಾರವನ್ನು ಮಾತ್ರ ಪರದೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು ನಡೆಸುತ್ತಿದ್ದರು. ನಾನು ನಡುವೆ ತಲೆ ತೂರಿಸಿ, ಚಟ್ನಿಗೆ ಉಪ್ಪು ಸಾಕಾ ಎಂದು ಕಣ್ಣಿನಲ್ಲೇ ಕೇಳುತ್ತಿದ್ದೆ.